ಇಂದ್ರ ಪಾನಗೃಹದ 48 ರಾತ್ರಿಗಳು

ಜರ್ಮನಿಯ ಹ್ಯಾಂಬರ್ಗ್ ಬಂದರಿನಿಂದ ಅನತಿ ದೂರದಲ್ಲಿ ಗ್ರೋಸೆ ಫ್ರೈಹೈಟ್ ಎಂಬ ಸಣ್ಣ ಬೀದಿಯೊಂದಿದೆ. ಹೆಸರಿನ ಅರ್ಥ ‘ಮಹಾ ಸ್ವಾತಂತ್ರ್ಯ’. ಮದ್ಯ, ನರ್ತನ, ರಾತ್ರಿಯ ವಿನೋದ ಇವೇ ಅಲ್ಲಿಯ ವ್ಯಾಪಾರವಾಗಿರುವುದರಿಂದ ಈ ಹೆಸರು ಆ ಬಗೆಯ ಸ್ವಾತಂತ್ರ್ಯದಿಂದಲೇ ಬಂದಿರಬೇಕೆಂದು ಹೊರಗಿನವರು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. 17ನೆಯ ಶತಮಾನದ ಆರಂಭದಲ್ಲಿ ಆ ಸ್ಥಳ ಹ್ಯಾಂಬರ್ಗಿಗೆ ಸೇರಿರಲಿಲ್ಲ. ನೆರೆಯ ಆಲ್ಟೋನಾಕ್ಕೆ ಸೇರಿತ್ತು. ಅಲ್ಲಿಯ ಒಡೆಯರು ಲೂಥರನ ಪಂಥಕ್ಕೆ ಸೇರದ ಕ್ಯಾಥೊಲಿಕರಿಗೂ ಮೆನೊನೈಟರಿಗೂ ತಮ್ಮ ತಮ್ಮ ರೀತಿಯಲ್ಲಿ ದೇವರನ್ನು ಆರಾಧಿಸಲು ಅನುಮತಿಯಿತ್ತರು. ಕಸುಬುದಾರ ಸಂಘಗಳ ಕಟ್ಟುಪಾಡಿಗೆ ಒಳಪಡದೆ ಕಸುಬು ನಡೆಸುವ ಅವಕಾಶವನ್ನೂ ಇತ್ತರು. ಧರ್ಮದ ಸ್ವಾತಂತ್ರ್ಯ ಮತ್ತು ದುಡಿಮೆಯ ಸ್ವಾತಂತ್ರ್ಯ, ಇವೆರಡು ಸೇರಿ ಆ ಬೀದಿಗೆ ಹೆಸರಾದವು. ಕ್ಯಾಥೊಲಿಕರ ಸೇಂಟ್ ಜೋಸೆಫ್ ಇಗರ್ಜಿ ಇಂದಿಗೂ ಅದೇ ಬೀದಿಯಲ್ಲಿ ಪಾನಗೃಹಗಳ ನಡುವೆ ನಿಂತಿದೆ.

ಅದೇ ಬೀದಿಯ 64ನೆಯ ಸಂಖ್ಯೆಯ ಕಟ್ಟಡದಲ್ಲಿ 1960ರಲ್ಲಿ ‘ಇಂದ್ರ’ ಎಂಬ ಪಾನಗೃಹವಿತ್ತು. ಅದರ ಗುರುತಿಗಾಗಿ ಬೀದಿಗೆ ಕಾಣುವಂತೆ ಆನೆಯ ಚಿತ್ರವನ್ನು ತೂಗಹಾಕಲಾಗಿತ್ತು. ತೀರ್ಥಂಕರರ ಜನ್ಮಾಭಿಷೇಕಕ್ಕೆ ಐರಾವತವನ್ನೇರಿ ಬರುವ ಸೌಧರ್ಮೇಂದ್ರನನ್ನು ಬಾಲ್ಯದಿಂದಲೂ ಬಸದಿಯ ಚಿತ್ರಗಳಲ್ಲಿ ಕಂಡ ವಾಚಕರಿಗೆ, ಅವನ ಹೆಸರೂ ಅವನ ಆನೆಯೂ ಸಾವಿರಾರು ಮೈಲಿಯಾಚೆ ಬಿಯರ್ ಮಾರುವ ಅಂಗಡಿಯ ಬಾಗಿಲಿಗೆ ಬಂದದ್ದು ವಿಚಿತ್ರವಾಗಿ ಕಂಡೀತು. ಹೆಸರುಗಳ ಪ್ರಯಾಣಕ್ಕೆ ರಹದಾರಿ ಬೇಡವಷ್ಟೆ. ಮನುಷ್ಯರ ಪ್ರಯಾಣಕ್ಕೆ ಬೇಕು. ಮುಂದಿನ ಕಥೆಯಲ್ಲಿ ಆ ಪ್ರಶ್ನೆಯೇ ಮುಖ್ಯವಾಗುತ್ತದೆ.

1960ರ ಆಗಸ್ಟ್ 17ರ ಸಂಜೆ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಐವರು ಹುಡುಗರು ಆ ಬೀದಿಗೆ ಬಂದಿಳಿದರು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ಸ್ಟೂವರ್ಟ್ ಸಟ್‌ಕ್ಲಿಫ್ ಮತ್ತು ಪೀಟ್ ಬೆಸ್ಟ್. ಹಿರಿಯನಾದ ಸಟ್‌ಕ್ಲಿಫನಿಗೆ 20 ವರ್ಷ, ಕಿರಿಯನಾದ ಹ್ಯಾರಿಸನನಿಗೆ 17. ತಮ್ಮ ಮೇಳಕ್ಕೆ ಬೀಟಲ್ಸ್ ಎಂಬ ಹೆಸರಿಟ್ಟುಕೊಂಡಿದ್ದರು. ಆ ಹೆಸರನ್ನು ಅಂದು ಲಿವರ್‌ಪೂಲಿನಲ್ಲಿಯೇ ಬಲ್ಲವರು ಕಡಮೆ. ಡ್ರಮ್ ಬಾರಿಸುವ ಪೀಟ್ ಬೆಸ್ಟ್ ಮೇಳಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಹೊರದೇಶದ ಕರೆ ಬಂದಾಗ ಡ್ರಮ್ ಬಾರಿಸುವವನಿಲ್ಲದೆ ಹೋಗುವಂತಿರಲಿಲ್ಲವಾದ್ದರಿಂದ ಅವನನ್ನು ಅವಸರದಲ್ಲಿ ಕೂಡಿಸಿಕೊಂಡಿದ್ದರು.

ಕರೆಯನ್ನು ಕುದುರಿಸಿದವನು ಅಲನ್ ವಿಲಿಯಮ್ಸ್. ಲಿವರ್‌ಪೂಲಿನಲ್ಲಿ ಕಾಫಿ ಅಂಗಡಿಯನ್ನು ನಡೆಸುತ್ತ ಗಾಯನ ಮೇಳಗಳಿಗೆ ಕೆಲಸ ಕೊಡಿಸಿ ದಲಾಲಿ ಪಡೆಯುತ್ತಿದ್ದ ಚುರುಕು ಮನುಷ್ಯ. ತನ್ನ ಗಾಡಿಯಲ್ಲಿಯೇ ಹುಡುಗರನ್ನೂ ಅವರ ವಾದ್ಯಗಳನ್ನೂ ತುಂಬಿಕೊಂಡು, ಒಟ್ಟು ಹತ್ತು ಜನ ಕಿಕ್ಕಿರಿದು, ಹಾರ್ವಿಚ್ ಬಂದರಿನಿಂದ ಹಡಗಿನಲ್ಲಿ ಹಾಲೆಂಡಿಗೆ ದಾಟಿ, ಅಲ್ಲಿಂದ ಜರ್ಮನಿಯನ್ನು ಸೇರಿದ. ಹುಡುಗರ ಬಳಿ ಜರ್ಮನಿಯಲ್ಲಿ ದುಡಿಯಲು ಬೇಕಾದ ಪರವಾನಗಿ ಇರಲಿಲ್ಲ. ಯಾರಾದರೂ ಕೇಳಿದರೆ ರಜೆಗೆ ಹೊರಟ ವಿದ್ಯಾರ್ಥಿಗಳೆಂದು ಹೇಳಬೇಕೆಂಬುದು ವಿಲಿಯಮ್ಸನ ಬೋಧನೆ. ಒಂದು ಸುಳ್ಳನ್ನು ಮುಂಗಡವಾಗಿ ಕೊಟ್ಟು ಕೊಂಡ ಪ್ರಯಾಣವಿದು. ಅದರ ಬಾಕಿ ನವೆಂಬರಿನಲ್ಲಿ ವಸೂಲಾಯಿತು.

ದಾರಿಯಲ್ಲಿ ಹಾಲೆಂಡಿನ ಆರ್ನೆಮ್ ಬಳಿ ಗಾಡಿ ನಿಂತಿತು. ದ್ವಿತೀಯ ಮಹಾಯುದ್ಧದಲ್ಲಿ, 1944ರಲ್ಲಿ, ಅಲ್ಲಿ ಘೋರ ಕಾಳಗ ನಡೆದು ಮಡಿದ ಸೈನಿಕರ ಸ್ಮಾರಕವಿದೆ. ಮಡಿದವರ ಹೆಸರು ಅಳಿಯದೆಂಬ ಅರ್ಥದ ಬರಹವುಳ್ಳ ಕಲ್ಲಿನ ಮುಂದೆ ಕುಳಿತು ಹುಡುಗರು ಚಿತ್ರ ತೆಗೆಸಿಕೊಂಡರು. ಲೆನನ್ ಮಾತ್ರ ಗಾಡಿಯಿಂದ ಇಳಿಯಲಿಲ್ಲ. ಅದೇ ಲೆನನ್ ಆರ್ನೆಮಿನ ವಾದ್ಯದಂಗಡಿಯಲ್ಲಿ ಒಂದು ಮೌತ್ ಆರ್ಗನ್ನನ್ನು ಕದ್ದ. ಇದನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ. 1962ರ ಅಕ್ಟೋಬರ್ 5ರಂದು ಹೊರಬಂದ ಅವರ ಮೊದಲ ಧ್ವನಿಮುದ್ರಿಕೆ ‘ಲವ್ ಮಿ ಡೂ’ ಆ ಬಗೆಯ ವಾದ್ಯದ ನಾದದಿಂದಲೇ ಆರಂಭವಾಗುತ್ತದೆ. ಪ್ರಸಿದ್ಧರ ಬಾಲ್ಯದ ಕಳವುಗಳನ್ನು ಚರಿತ್ರಕಾರರು ತುಂಟತನವೆಂದು ನಕ್ಕು ಬರೆಯುತ್ತಾರೆ. ಕಳೆದುಕೊಂಡ ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಅದು ತುಂಟತನವೆಂಬ ಕಲಮಿನಡಿ ಸೇರಲಾರದು. ಸಂಜೆ ದಾಸ್ತಾನು ಎಣಿಸಿದಾಗ ಒಂದು ಕಡಮೆ, ಅಷ್ಟೆ.

ಇಂದ್ರದ ಒಡೆಯ ಬ್ರೂನೊ ಕೊಶ್‌ಮೀಡರ್ ಹಿಂದೆ ಸರ್ಕಸ್ಸಿನಲ್ಲಿದ್ದವನು, ಕುಂಟುತ್ತ ನಡೆಯುವವನು. ಅದೇ ಬೀದಿಯಲ್ಲಿ ಕೈಸರ್‌ಕೆಲ್ಲರ್ ಎಂಬ ದೊಡ್ಡ ಪಾನಗೃಹವೂ, ಹತ್ತಿರದಲ್ಲಿಯೇ ಬಾಂಬಿ ಎಂಬ ಚಿತ್ರಮಂದಿರವೂ ಅವನಿಗೆ ಸೇರಿದ್ದವು. ಹುಡುಗರ ವಸತಿಗೆಂದು ಅವನು ತೋರಿಸಿದ ಸ್ಥಳ ಆ ಚಿತ್ರಮಂದಿರದ ತೆರೆಯ ಹಿಂದಿನ ಕೋಣೆಗಳು. ಕಿಟಕಿಯಿಲ್ಲ, ದೀಪವಿಲ್ಲದ ಮೂಲೆಗಳು. ಪಕ್ಕದಲ್ಲಿ ಪ್ರೇಕ್ಷಕರ ಶೌಚಾಲಯ, ಮುಖ ತೊಳೆಯುವುದೂ ಅಲ್ಲಿಯ ತಣ್ಣೀರಿನಲ್ಲಿಯೇ. ಬೆಳಗಿನ ಜಾವಕ್ಕೆ ಮಲಗಿದವರನ್ನು ಮಧ್ಯಾಹ್ನದ ಚಿತ್ರದ ಸದ್ದು ಎಬ್ಬಿಸುತ್ತಿತ್ತು. ಮನೆಯಿಂದ ಮೊದಲ ಸಲ ಹೊರಬಿದ್ದ ಹದಿಹರೆಯದವರನ್ನು ದುಡಿಸಿಕೊಳ್ಳುವವನು ಅವರಿಗೆ ಶುಚಿಯಾದ ಚಾಪೆಯನ್ನಾದರೂ ಒದಗಿಸಬೇಕಾದುದು ಕರಾರಿನ ಮಾತಲ್ಲ, ಮನುಷ್ಯತ್ವದ ಮಾತು.

ಕೂಲಿಯ ವಿಷಯದಲ್ಲಿ ಅವನನ್ನು ದೂರುವಂತಿಲ್ಲ. ತಲೆಗೆ ದಿನಕ್ಕೆ 30 ಮಾರ್ಕು. ಅಂದಿನ ವಿನಿಮಯದಲ್ಲಿ ಒಂದು ಪೌಂಡಿಗೆ ಸುಮಾರು 11.75 ಮಾರ್ಕು ಸಲ್ಲುತ್ತಿದ್ದುದರಿಂದ ಇದು ಎರಡೂವರೆ ಪೌಂಡಿಗಿಂತ ಸ್ವಲ್ಪ ಹೆಚ್ಚು. ವಾರಕ್ಕೆ 17 ಪೌಂಡು ದಾಟುತ್ತದೆ. ಬ್ರಿಟನ್ನಿನ ಕಾರ್ಖಾನೆಯ ಕೆಲಸಗಾರನ ಸರಾಸರಿ ವಾರದ ಗಳಿಕೆ ಆಗ 14 ಪೌಂಡಿನ ಆಸುಪಾಸಿನಲ್ಲಿತ್ತು. ಶಾಲೆ ಮುಗಿಸಿಯೂ ಮುಗಿಸದ ಹುಡುಗರಿಗೆ ಇದು ಸಣ್ಣ ಮೊತ್ತವಲ್ಲ. ದೂರಬೇಕಾದುದು ಗಂಟೆಗಳನ್ನು. ವಾರದ ದಿನಗಳಲ್ಲಿ ನಡುನಡುವೆ ಅರ್ಧ ಗಂಟೆಯ ಬಿಡುವಿನೊಡನೆ ನಾಲ್ಕೂವರೆ ಗಂಟೆಗಳ ವಾದನ, ಶನಿವಾರ ಭಾನುವಾರಗಳಲ್ಲಿ ಆರು ಗಂಟೆ. ಲಿವರ್‌ಪೂಲಿನಲ್ಲಿ ಒಂದು ಗಂಟೆ ನುಡಿಸಿ ಮನೆಗೆ ಹೋಗುತ್ತಿದ್ದವರಿಗೆ ಬಲ್ಲ ಹಾಡುಗಳೆಲ್ಲ ಮೊದಲ ರಾತ್ರಿಯೇ ಮುಗಿದುಹೋದವು. ಬಲ್ಲದ್ದನ್ನೇ ಹಿಗ್ಗಿಸಿದರು, ಅರ್ಧ ಬಲ್ಲದ್ದನ್ನು ವೇದಿಕೆಯ ಮೇಲೆಯೇ ಕಲಿತರು, ಕೇಳಿ ಮರೆತಿದ್ದನ್ನು ನೆನಪಿಗೆ ತಂದುಕೊಂಡರು.

ಮೊದಮೊದಲು ಕೇಳುವವರು ಬೆರಳೆಣಿಕೆಯಷ್ಟು. ಅದಕ್ಕೆ ಮುಂಚೆ ನಗ್ನನೃತ್ಯಕ್ಕೆ ಮೀಸಲಾಗಿದ್ದ ಆ ಚಿಕ್ಕ ಕೋಣೆಯಲ್ಲಿ ಹಳೆಯ ಗಿರಾಕಿಗಳು ಹಳೆಯ ಸರಕನ್ನೇ ಅರಸಿ ಬಂದು, ಕೈಯಲ್ಲಿ ಗಿಟಾರು ಹಿಡಿದ ಹುಡುಗರನ್ನು ಕಂಡು ಹಿಂದಿರುಗುತ್ತಿದ್ದರು. ನಿಂತಲ್ಲಿಯೇ ನಿಂತು ನುಡಿಸುವ ಹುಡುಗರನ್ನು ನೋಡಿ ಕೊಶ್‌ಮೀಡರ್ ‘ಮಾಖ್ ಶೌ’ ಎಂದು ಕೂಗುತ್ತಿದ್ದ. ಏನಾದರೂ ಆಟ ತೋರಿಸಿರಿ ಎಂದರ್ಥ. ಅವರು ಕುಣಿದರು, ನೆಲಕ್ಕೆ ಬಿದ್ದು ಹೊರಳಿದರು, ಲೆನನ್ ಕುಂಟುವವನಂತೆ ನಟಿಸಿದ. ಬೀದಿಯಲ್ಲಿ ಹೋಗುವವನು ಬಾಗಿಲ ಬಳಿ ಒಂದು ಕ್ಷಣ ನಿಂತರೆ ಒಳಗೆ ಬರುತ್ತಾನೆ, ಒಳಗೆ ಬಂದರೆ ಕುಡಿಯುತ್ತಾನೆ, ಕುಡಿದರೆ ಒಡೆಯನಿಗೆ ಲಾಭ: ಇಷ್ಟೇ ಅಲ್ಲಿಯ ಸಂಗೀತದ ಅರ್ಥಶಾಸ್ತ್ರ. ಹಾಡು ಮಾರಾಟದ ಸರಕಲ್ಲ, ಬಿಯರಿನ ಜಾಹೀರಾತು. ಈ ಸ್ಥಿತಿಯಲ್ಲಿದ್ದುಕೊಂಡೂ ಹಾಡನ್ನು ಹಾಡೆಂದೇ ತಿಳಿದು ಅದನ್ನು ತಿದ್ದಿಕೊಳ್ಳುತ್ತ ಹೋದುದು ಆ ಹುಡುಗರ ದೊಡ್ಡತನ. ಅಷ್ಟನ್ನು ಅವರಿಗೆ ಸಲ್ಲಿಸಲೇಬೇಕು.

ಅಷ್ಟು ಹೊತ್ತು ಎಚ್ಚರವಿರಲು ದೇಹ ಒಪ್ಪುವುದೆ? ಗಿರಾಕಿಗಳು ಮೆಚ್ಚಿ ವೇದಿಕೆಗೆ ಬಿಯರು ಕಳುಹಿಸುತ್ತಿದ್ದರು. ಅದರ ಮೇಲೆ ಪ್ರೆಲುಡಿನ್ ಎಂಬ ಗುಳಿಗೆ. ದೇಹದ ತೂಕ ಇಳಿಸಲೆಂದು ತಯಾರಾದ ಔಷಧ. ಹಸಿವನ್ನೂ ನಿದ್ರೆಯನ್ನೂ ಓಡಿಸುತ್ತದೆ. ಹ್ಯಾಂಬರ್ಗಿನ ಆ ದಿನಗಳಲ್ಲಿ ಪರಿಚಾರಕರ ಕೈಯಿಂದ ಅದು ಸುಲಭವಾಗಿ ಸಿಗುತ್ತಿತ್ತು. ಗುಳಿಗೆಯಿಂದ ಬಾಯಿ ಒಣಗುವುದು, ಒಣಗಿದ ಬಾಯಿಗೆ ಮತ್ತೆ ಬಿಯರು, ಬಿಯರಿನಿಂದ ಜೋಂಪು, ಜೋಂಪಿಗೆ ಮತ್ತೆ ಗುಳಿಗೆ. ದುಡಿಸುವವನು ಮಲಗುವ ಹೊತ್ತನ್ನು ಕಸಿದುಕೊಂಡರೆ ದುಡಿಯುವವನು ಎಚ್ಚರವನ್ನು ಎಲ್ಲಿಂದಲೋ ಸಾಲ ತರಬೇಕಾಗುತ್ತದೆ. ಆ ಸಾಲದ ಬಡ್ಡಿಯನ್ನು ತೆರುವುದು ಅವನ ದೇಹ. ಐವರಲ್ಲಿ ಗುಳಿಗೆಯನ್ನು ಮುಟ್ಟದಿದ್ದವನು ಪೀಟ್ ಬೆಸ್ಟ್ ಒಬ್ಬನೇ. ಬಿಯರನ್ನು ಅವನೂ ಬಿಟ್ಟಿರಲಿಲ್ಲ.

ಇಂದ್ರದ ಮೇಲಂತಸ್ತಿನಲ್ಲಿ ವಾಸಿಸುತ್ತಿದ್ದ ವೃದ್ಧೆಯೊಬ್ಬಳು ಗದ್ದಲವನ್ನು ತಾಳಲಾರದೆ ಅಧಿಕಾರಿಗಳಿಗೆ ದೂರು ಕೊಟ್ಟಳು. ಬೀಟಲ್ಸರ ಚರಿತ್ರೆ ಬರೆದವರು ಈಕೆಗೆ ಒಂದು ಸಾಲಿಗಿಂತ ಹೆಚ್ಚು ಕೊಟ್ಟಿಲ್ಲ. ರಾತ್ರಿ ಎರಡು ಗಂಟೆಯವರೆಗೆ, ವಾರಾಂತ್ಯದಲ್ಲಿ ಮೂರರವರೆಗೆ ನೆಲದಡಿಯಿಂದ ಬರುವ ಆ ಸದ್ದನ್ನು ಆಕೆ ಸಹಿಸಬೇಕಿತ್ತೆಂದು ಯಾರು ಹೇಳಬಲ್ಲರು? ದೂರಿಗೆ ಬೆಲೆ ಬಂತು. 48 ರಾತ್ರಿಗಳ ಅನಂತರ ಇಂದ್ರದಲ್ಲಿ ಸಂಗೀತ ನಿಂತು, ಅಕ್ಟೋಬರ್ 4ರಂದು ಮೇಳ ಕೈಸರ್‌ಕೆಲ್ಲರಿಗೆ ಹೋಯಿತು. ಅಲ್ಲಿ ಲಿವರ್‌ಪೂಲಿನದೇ ಇನ್ನೊಂದು ಮೇಳ, ರೋರಿ ಸ್ಟಾರ್ಮನದು, ಇವರೊಡನೆ ಸರದಿಯಂತೆ ನುಡಿಸುತ್ತಿತ್ತು. ಆ ಮೇಳದಲ್ಲಿ ಡ್ರಮ್ ಬಾರಿಸುತ್ತಿದ್ದವನು ರಿಂಗೊ ಸ್ಟಾರ್. ಹಳೆಯ ಹಲಗೆಗಳ ವೇದಿಕೆಯನ್ನು ಯಾರು ಮೊದಲು ಮುರಿಯುವರೋ ನೋಡೋಣವೆಂದು ಎರಡು ಮೇಳಗಳೂ ಪಂತ ಕಟ್ಟಿ ಕುಣಿದವು. ಸ್ಟಾರ್ಮ್ ಗೆದ್ದ, ಕೊಶ್‌ಮೀಡರ್ ಅವನಿಗೆ 65 ಮಾರ್ಕು ದಂಡ ಹಾಕಿದ. ಪರರ ವಸ್ತುವನ್ನು ಮುರಿಯುವುದು ವಿನೋದವಾದಾಗ ದಂಡವೂ ವಿನೋದದ ಖರ್ಚಿನಲ್ಲಿಯೇ ಸೇರುತ್ತದೆ.

ಈ ದಿನಗಳ ಒಂದು ಪ್ರಸಂಗ ಮಾತ್ರ ಮನಸ್ಸಿಗೆ ತಂಪೆರೆಯುತ್ತದೆ. ಕ್ಲೌಸ್ ಫೋರ್ಮನ್ ಎಂಬ ತರುಣ ಚಿತ್ರಕಾರ ಒಂದು ರಾತ್ರಿ ಬೀದಿಯಲ್ಲಿ ಹೋಗುತ್ತ ನೆಲಮಾಳಿಗೆಯಿಂದ ಬಂದ ಹಾಡನ್ನು ಕೇಳಿ ಒಳಗೆ ಹೋದ. ಮರುದಿನಗಳಲ್ಲಿ ತನ್ನ ಸ್ನೇಹಿತೆ, ಛಾಯಾಗ್ರಾಹಕಿ ಆಸ್ಟ್ರಿಡ್ ಕಿರ್ಶ್‌ಹೆರ್ ಅವಳನ್ನೂ ಕರೆತಂದ. ಇಂಥ ಮನೆತನದ ತರುಣರು ಕಾಲಿಡುವ ಸ್ಥಳವಲ್ಲ ಅದು. ಲೆನನ್ ವೇದಿಕೆಯ ಮೇಲಿಂದ ಜರ್ಮನ್ ಪ್ರೇಕ್ಷಕರನ್ನು ನಾಜಿಗಳೆಂದು ಮೂದಲಿಸುತ್ತಿದ್ದ. ಹಿಟ್ಲರನ ವಂದನೆಯನ್ನು ಅಣಕಿಸುತ್ತಿದ್ದ. ಯುದ್ಧ ಮುಗಿದು ಕೇವಲ ಹದಿನೈದು ವರ್ಷ. ಜರ್ಮನ್ ಬಾಂಬುಗಳು 1941ರ ಮೇ ತಿಂಗಳಿನಲ್ಲಿ ಲಿವರ್‌ಪೂಲನ್ನು ಸುಟ್ಟಿದ್ದವು. ಬ್ರಿಟಿಷ್ ಮತ್ತು ಅಮೆರಿಕನ್ ಬಾಂಬುಗಳು 1943ರ ಜುಲೈಯಲ್ಲಿ ಹ್ಯಾಂಬರ್ಗನ್ನು ಬೂದಿ ಮಾಡಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರನ್ನು ಕೊಂದಿದ್ದವು. ಕೇಳುವವರಲ್ಲಿ ಎಷ್ಟು ಮಂದಿ ತಮ್ಮವರನ್ನು ಆ ಬೆಂಕಿಯಲ್ಲಿ ಕಳೆದುಕೊಂಡಿದ್ದರೋ! ಮೂದಲೆಗೆ ಉತ್ತರವಾಗಿ ಆಸ್ಟ್ರಿಡ್ ಮಾಡಿದ್ದು ಇಷ್ಟು: ಹುಡುಗರನ್ನು ಮನೆಗೆ ಕರೆದೊಯ್ದಳು. ಆ ಮನೆಯಲ್ಲಿ ಅವರಿಗೆ ಬಿಸಿಯೂಟ ಸಿಕ್ಕಿತು, ಮಾತನಾಡಿಸುವವರು ಸಿಕ್ಕಿದರು. ಆಕೆ ತೆಗೆದ ಚಿತ್ರಗಳಿಂದಲೇ ಅಂದಿನ ಅವರ ಮುಖ ಇಂದು ಲೋಕಕ್ಕೆ ಪರಿಚಿತವಾಗಿದೆ. ಸಟ್‌ಕ್ಲಿಫನಿಗೂ ಆಕೆಗೂ ಪ್ರೇಮ ಬೆಳೆದು ವಿವಾಹ ನಿಶ್ಚಯವಾಯಿತು. ಅವನು ಸಂಗೀತವನ್ನು ಬಿಟ್ಟು ಹ್ಯಾಂಬರ್ಗಿನಲ್ಲಿಯೇ ಚಿತ್ರಕಲೆಯ ಅಭ್ಯಾಸಕ್ಕೆ ನಿಂತ. 1962ರ ಏಪ್ರಿಲ್ 10ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವನಿಗೆ 21 ವರ್ಷ.

ಇನ್ನು ಕರಾರಿನ ವಿಷಯ. ಕೊಶ್‌ಮೀಡರನೊಡನೆ ಮಾಡಿಕೊಂಡ ಪತ್ರದಂತೆ ಮೇಳವು ಅವನ ಒಪ್ಪಿಗೆಯಿಲ್ಲದೆ ಸುತ್ತಮುತ್ತ ಬೇರೆ ಸ್ಥಳಗಳಲ್ಲಿ ನುಡಿಸುವಂತಿರಲಿಲ್ಲ. ಹತ್ತಿರದಲ್ಲಿಯೇ ಪೀಟರ್ ಎಕ್‌ಹಾರ್ನ್ ಎಂಬಾತ ‘ಟಾಪ್ ಟೆನ್’ ಎಂಬ ಹೊಸ ಪಾನಗೃಹವನ್ನು ತೆರೆದಿದ್ದ. ಕೂಲಿ ಹೆಚ್ಚು, ವಸತಿ ಉತ್ತಮ. ಹುಡುಗರು ಬಿಡುವಿನಲ್ಲಿ ಅಲ್ಲಿಗೆ ಹೋಗಿ ಟೋನಿ ಶೆರಿಡನ್ ಎಂಬ ಗಾಯಕನೊಡನೆ ವೇದಿಕೆ ಹತ್ತಿದರು. ಅಲ್ಲಿಗೇ ಸೇರಿಕೊಳ್ಳುವ ಮಾತನ್ನೂ ಆಡಿದರು. ಕೊಶ್‌ಮೀಡರ್ ನವೆಂಬರ್ 1ರಂದು ಒಂದು ತಿಂಗಳ ನೋಟೀಸು ಕೊಟ್ಟ. ಹ್ಯಾರಿಸನನಿಗೆ ಹದಿನೇಳೇ ವರ್ಷವೆಂದು ಅಧಿಕಾರಿಗಳಿಂದ ತಿಳಿದುಬಂದಿದೆ ಎಂಬ ಕಾರಣ ಅದರಲ್ಲಿತ್ತು.

ಆ ಊರಿನ ಕಾನೂನಿನಂತೆ ಹದಿನೆಂಟು ತುಂಬದವರು ರಾತ್ರಿ ಹತ್ತರ ಮೇಲೆ ಇಂಥ ಸ್ಥಳದಲ್ಲಿ ಇರಕೂಡದು. ಪ್ರತಿ ರಾತ್ರಿ ಹತ್ತಕ್ಕೆ ಗುರುತಿನ ಚೀಟಿಯ ತಪಾಸಣೆ ನಡೆಯುತ್ತಿತ್ತು. ಎಳೆಯರು ಹೊರಗೆ ಹೋಗಬೇಕೆಂದು ಧ್ವನಿವರ್ಧಕದಲ್ಲಿ ಸಾರುತ್ತಿದ್ದರು. ಅದೇ ವೇದಿಕೆಯ ಮೇಲೆ ಎಳೆಯನೊಬ್ಬ ಗಿಟಾರು ನುಡಿಸುತ್ತ ನಿಂತಿದ್ದ! ಎರಡು ತಿಂಗಳು ಯಾರಿಗೂ ಇದು ಕಾಣಲಿಲ್ಲ. ಹುಡುಗರು ತನ್ನ ಲಾಭಕ್ಕೆ ನುಡಿಸುವವರೆಗೆ ಒಡೆಯನಿಗೆ ಅವನ ವಯಸ್ಸಿನ ಗೊಡವೆ ಬೇಕಾಗಲಿಲ್ಲ. ಎದುರಾಳಿಯ ಬಾಗಿಲಿನತ್ತ ಮುಖ ಮಾಡಿದ ಕೂಡಲೆ ಕಾನೂನು ನೆನಪಾಯಿತು. ಪೊಲೀಸರಿಗೆ ತಿಳಿಸಿದವನು ಅವನೇ ಎಂದು ಹುಡುಗರು ಕೊನೆಯವರೆಗೂ ನಂಬಿದ್ದರು. ಅವನೇ ತಿಳಿಸಿದ್ದರೆ, ಹೇಳಿದ ಮಾತು ಸತ್ಯ, ಹೇಳಿದ ಉದ್ದೇಶ ಹಗೆ. ಹಾಗೆಂದು ಹುಡುಗರ ನಡತೆಯನ್ನು ಸಮರ್ಥಿಸಲು ಬರುವುದಿಲ್ಲ. ಕೆಟ್ಟ ವಸತಿಯನ್ನು ಕುರಿತು ಜಗಳವಾಡಬಹುದಿತ್ತು, ಅವಧಿ ಮುಗಿದೊಡನೆ ಹೊರಡಬಹುದಿತ್ತು. ಒಬ್ಬನ ಕೂಲಿಯುಂಡು ಇನ್ನೊಬ್ಬನ ಗಿರಾಕಿಗಳನ್ನು ರಂಜಿಸುವುದು, ಒಪ್ಪಂದಕ್ಕೆ ಸಹಿಯಿದ್ದರೂ ಇಲ್ಲದಿದ್ದರೂ, ವ್ಯವಹಾರಸ್ಥರು ಒಪ್ಪುವ ಮಾರ್ಗವಲ್ಲ.

ನವೆಂಬರ್ 21ರಂದು ಹ್ಯಾರಿಸನನನ್ನು ದೇಶದಿಂದ ಹೊರಗೆ ಕಳುಹಿಸಲಾಯಿತು. ಹದಿನೇಳರ ಹುಡುಗ ಗಿಟಾರು, ಪೆಟ್ಟಿಗೆಗಳನ್ನು ಹೊತ್ತು ಒಬ್ಬನೇ ರೈಲು, ಹಡಗು ಹತ್ತಿ ಲಿವರ್‌ಪೂಲನ್ನು ಸೇರಿದ. ಅನಂತರ ಮೆಕಾರ್ಟ್ನಿಯೂ ಬೆಸ್ಟನೂ ಟಾಪ್ ಟೆನ್ನಿಗೆ ವಸತಿ ಬದಲಿಸಲು ಬಾಂಬಿಯಿಂದ ಸಾಮಾನು ತೆಗೆಯುವಾಗ ಕತ್ತಲೆಯಲ್ಲಿ ಬೆಳಕಿಗೆಂದೋ ಕೀಟಲೆಗೆಂದೋ ಗೋಡೆಯ ಮೇಲೆ ಏನನ್ನೋ ಸುಟ್ಟರು. ಗೋಡೆ ಕಪ್ಪಾದುದಷ್ಟೇ ನಷ್ಟ. ಕೊಶ್‌ಮೀಡರ್ ಬೆಂಕಿ ಹಚ್ಚಿದರೆಂದು ದೂರಿತ್ತ. ಕೆಲವು ಗಂಟೆ ಠಾಣೆಯಲ್ಲಿರಿಸಿ ಅವರಿಬ್ಬರನ್ನೂ ಗಡೀಪಾರು ಮಾಡಿದರು. ಡಿಸೆಂಬರಿನಲ್ಲಿ ಲೆನನ್ ಒಬ್ಬನೇ ರೈಲು ಹತ್ತಿದ. ಊರು ಸೇರಿದ ಮೇಲೆ ಕೆಲವು ದಿನ ಅವರು ಒಬ್ಬರನ್ನೊಬ್ಬರು ನೋಡಲೂ ಇಲ್ಲ.

1961ರ ವಸಂತದಲ್ಲಿ ಅವರು ಮತ್ತೆ ಹೋದರು. ಹ್ಯಾರಿಸನನಿಗೆ ಹದಿನೆಂಟು ತುಂಬಿತ್ತು. ಗಡೀಪಾರಿನ ಖರ್ಚನ್ನು ಎಕ್‌ಹಾರ್ನ್ ಸರಕಾರಕ್ಕೆ ಕಟ್ಟಿದ್ದ. ಕಾಗದಪತ್ರಗಳು ಈ ಸಲ ಸರಿಯಾಗಿದ್ದವು. ಟಾಪ್ ಟೆನ್ನಿನಲ್ಲಿ ದಿನಕ್ಕೆ 35 ಮಾರ್ಕಿನಂತೆ 92 ರಾತ್ರಿ ನುಡಿಸಿದರು. ಈ ಕೆಲಸವನ್ನು ತಾವೇ ಕುದುರಿಸಿಕೊಂಡದ್ದೆಂದು ಹೇಳಿ ಅಲನ್ ವಿಲಿಯಮ್ಸನಿಗೆ ಸಲ್ಲಬೇಕಾದ ನೂರಕ್ಕೆ ಹತ್ತರ ದಲಾಲಿಯನ್ನು ಕೊಡಲು ನಿರಾಕರಿಸಿದರು. ನಿರಾಕರಣೆಯ ಪತ್ರ ಬರೆಯುವ ಕೆಲಸ ಸಟ್‌ಕ್ಲಿಫನ ಪಾಲಿಗೆ ಬಂತು. ವಿಲಿಯಮ್ಸ್ ಕ್ರುದ್ಧನಾಗಿ ಉತ್ತರ ಬರೆದ. ದಲಾಲಿಯ ಧರ್ಮ ಸೂಕ್ಷ್ಮವಾದುದು. ಮೊದಲ ಬಾಗಿಲನ್ನು ತೆರೆದವನಿಗೆ ಎರಡನೆಯ ಬಾಗಿಲಿನ ಆದಾಯದಲ್ಲಿ ಹಕ್ಕಿದೆಯೆ? ಅವನು ತೋರಿಸಿದ ಊರಿನಲ್ಲಿಯೇ, ಅವನಿಂದಾದ ಪರಿಚಯದಿಂದಲೇ ಗಳಿಸಿದ್ದೆಂದು ಹಳೆಯ ಮಂಡಿಯವರು ಅವನ ಪರ ತೀರ್ಪು ಹೇಳಿಯಾರು. ಪರವಾನಗಿಯಿಲ್ಲದೆ, ಸುಳ್ಳು ಹೇಳಿಸಿ ಕರೆದೊಯ್ದವನಿಗೆ ಎಷ್ಟರ ಋಣ ಎಂದು ಕೇಳುವವರೂ ಇದ್ದಾರು. ವಿಲಿಯಮ್ಸನಂತೂ ಆ ಗಾಯವನ್ನು ಮರೆಯಲಿಲ್ಲ. 1975ರಲ್ಲಿ ಅವನ ನೆನಪುಗಳ ಪುಸ್ತಕ ಬಂದಾಗ ಬೀಟಲ್ಸರನ್ನು ಬಿಟ್ಟುಕೊಟ್ಟವನು ಎಂಬರ್ಥದ ಹೆಸರನ್ನೇ ಅದಕ್ಕಿಟ್ಟಿದ್ದ.

ಆ ಬೇಸಗೆಯಲ್ಲಿ ಹ್ಯಾಂಬರ್ಗಿನಲ್ಲಿಯೇ ಶೆರಿಡನ್ನನ ಹಿಮ್ಮೇಳವಾಗಿ ಅವರು ಮುದ್ರಿಸಿದ ‘ಮೈ ಬಾನಿ’ ಎಂಬ ಹಾಡನ್ನು ಗಿರಾಕಿಗಳು ಕೇಳಿಕೊಂಡು ಬಂದುದರಿಂದ ತನ್ನ ಗಮನ ಅತ್ತ ಹೋಯಿತೆಂದು ಲಿವರ್‌ಪೂಲಿನ ಬ್ರಯನ್ ಎಪ್‌ಸ್ಟೀನ್ ಬರೆದಿದ್ದಾನೆ. ಪೀಠೋಪಕರಣ ಮತ್ತು ಧ್ವನಿಮುದ್ರಿಕೆಗಳ ವ್ಯಾಪಾರಿ ಮನೆತನದವನು. 1962ರ ಜನವರಿಯಲ್ಲಿ ಮೇಳದ ವ್ಯವಸ್ಥಾಪಕನಾಗಲು ಕರಾರು ಬರೆಸಿದ. ಹುಡುಗರು ಸಹಿ ಹಾಕಿದರು, ತಾನು ಹಾಕಲಿಲ್ಲ. ತನ್ನಿಂದ ಅವರಿಗೆ ಒಳಿತಾಗದಿದ್ದರೆ ಅವರು ಬಿಟ್ಟುಹೋಗಲು ಸ್ವತಂತ್ರರಾಗಿರಲೆಂದು ಆತ ಕೊಟ್ಟ ಸಮಾಧಾನ. ಆದರೆ ಅದೇ ವರ್ಷ ಆಗಸ್ಟ್ 16ರಂದು ಒಂದು ಕಠಿಣ ಕೆಲಸವೂ ಅವನ ಕೈಯಿಂದಲೇ ನಡೆಯಿತು. ಪೀಟ್ ಬೆಸ್ಟನನ್ನು ಕಚೇರಿಗೆ ಕರೆಸಿ, ಮೇಳದಲ್ಲಿ ಇನ್ನು ಸ್ಥಾನವಿಲ್ಲವೆಂದು ತಿಳಿಸಿದ. ಧ್ವನಿಮುದ್ರಣದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವನ ಡ್ರಮ್ ವಾದನ ಮುದ್ರಣಕ್ಕೆ ಸಾಲದೆಂದಿದ್ದ, ಮೇಳದಿಂದ ತೆಗೆಯಿರೆಂದು ಹೇಳಿರಲಿಲ್ಲ. ಗುಳಿಗೆ ಮುಟ್ಟದವನಾದ್ದರಿಂದ ಹೊರಗಾದನೆಂದು ಸರಳಗೊಳಿಸುವುದು ತಪ್ಪು. ಉಳಿದವರೊಡನೆ ಅವನು ಬೆರೆಯುತ್ತಿರಲಿಲ್ಲವೆಂಬುದೂ ಉಂಟು. ಇಂದ್ರದ ರಾತ್ರಿಗಳಲ್ಲಿ ಅವನೊಡನೆ ಕತ್ತಲ ಕೋಣೆಯನ್ನು ಹಂಚಿಕೊಂಡ ಮೂವರಲ್ಲಿ ಒಬ್ಬನೂ ಆ ದಿನ ಎದುರಿಗೆ ಬಂದು ಕೂರಲಿಲ್ಲ. ಅದು ಹೇಡಿತನವಾಗಿತ್ತೆಂದು ಅವರೇ ಮುಂದೆ ಒಪ್ಪಿಕೊಂಡರು. ಬೆಸ್ಟನ ಸ್ಥಾನಕ್ಕೆ ರಿಂಗೊ ಸ್ಟಾರ್ ಬಂದ. ಬೆಸ್ಟ್ ಲಿವರ್‌ಪೂಲಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ನೌಕರನಾಗಿ ಬಹುಕಾಲ ದುಡಿದ; ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಡುವ ಕಚೇರಿ ಅದು. 1995ರಲ್ಲಿ ಹಳೆಯ ಮುದ್ರಣಗಳು ‘ಆಂಥಾಲಜಿ’ಯ ಮೊದಲ ಸಂಪುಟವಾಗಿ ಬಂದಾಗ, ಅವನು ನುಡಿಸಿದ ಹಾಡುಗಳೂ ಅದರಲ್ಲಿದ್ದುದರಿಂದ ಅವನಿಗೆ ದೊಡ್ಡ ಮೊತ್ತದ ಗೌರವಧನ ಸಂದಿತು. ಹೊದಿಕೆಯ ಚಿತ್ರದಲ್ಲಿ ಅವನ ಮುಖವಿದ್ದ ಭಾಗವನ್ನು ಮಾತ್ರ ಹರಿದು, ಆ ಜಾಗದಲ್ಲಿ ರಿಂಗೊನ ಮುಖವನ್ನು ಕಾಣಿಸಿದ್ದರು. ಹಣದ ಋಣ 33 ವರ್ಷಗಳ ಮೇಲಾದರೂ ತೀರಿತು.

1962ರ ಡಿಸೆಂಬರಿಗೆ ಬರೋಣ. ‘ಲವ್ ಮಿ ಡೂ’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 17ನೆಯ ಸ್ಥಾನದತ್ತ ಏರುತ್ತಿತ್ತು. ಮುಂದಿನ ಹಾಡು ಮುದ್ರಣವಾಗಿ ಸಿದ್ಧವಿತ್ತು. ಊರಿನಲ್ಲಿದ್ದರೆ ಲಾಭ, ಆದರೆ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ 18ರಿಂದ 31ರವರೆಗೆ ನುಡಿಸಲು ತಿಂಗಳುಗಳ ಹಿಂದೆಯೇ ಒಪ್ಪಂದವಾಗಿತ್ತು. ಹುಡುಗರಿಗೆ ಹೋಗಲು ಕಿಂಚಿತ್ತೂ ಮನಸ್ಸಿರಲಿಲ್ಲ. ಕೊಟ್ಟ ಮಾತಿಗೆ ಹೋಗಲೇಬೇಕೆಂದು ಎಪ್‌ಸ್ಟೀನ್ ನಿಂತ, ಹೋದರು. ಮರುವರ್ಷ ದೇಶವೇ ಅವರ ಹಿಂದೆ ಹುಚ್ಚೆದ್ದು ಓಡುತ್ತಿದ್ದಾಗಲೂ, ಮೊದಲೇ ಅಲ್ಪ ಸಂಭಾವನೆಗೆ ಒಪ್ಪಿಕೊಂಡಿದ್ದ ಸಣ್ಣ ಸಣ್ಣ ಸಭಾಂಗಣಗಳ ಕಾರ್ಯಕ್ರಮಗಳನ್ನು ಆತ ಅದೇ ಸಂಭಾವನೆಗೆ ನಡೆಸಿಕೊಡಿಸಿದ. ಬೆಲೆ ಏರಿತೆಂದು ಹಳೆಯ ಸೌದೆಯನ್ನು ಮುರಿಯದ ವ್ಯಾಪಾರಿಯ ಈ ಗುಣವನ್ನು ಆ ಮೇಳದ ಚರಿತ್ರೆಯಲ್ಲಿ ಹಾಡುಗಳಷ್ಟು ಹೊಗಳುವವರಿಲ್ಲ. ಎರಡು ವರ್ಷದ ಹಿಂದೆ ಕೊಶ್‌ಮೀಡರನ ಕರಾರನ್ನು ಲೆಕ್ಕಿಸದೆ ಟಾಪ್ ಟೆನ್ನಿಗೆ ನಡೆದ ಅದೇ ಹುಡುಗರಿವರು ಎಂಬುದನ್ನು ನೆನೆದರೆ, ದೊಡ್ಡವರೊಬ್ಬರು ಬೆನ್ನ ಹಿಂದೆ ನಿಂತುದರ ಬೆಲೆ ತಿಳಿಯುತ್ತದೆ.

ಐದು ಭೇಟಿಗಳಲ್ಲಿ ಹ್ಯಾಂಬರ್ಗಿನಲ್ಲಿ ಅವರು ನುಡಿಸಿದ್ದು ಸುಮಾರು 270 ರಾತ್ರಿ. ಮಾಲ್ಕಂ ಗ್ಲ್ಯಾಡ್‌ವೆಲ್ ಎಂಬ ಲೇಖಕ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ರಾತ್ರಿಗಳನ್ನೇ ಸಾಕ್ಷ್ಯವಾಗಿಟ್ಟು, 10,000 ಗಂಟೆಗಳ ಅಭ್ಯಾಸದಿಂದ ಪರಿಣತಿ ಬರುತ್ತದೆಂದು ವಾದಿಸಿದ. ಅಂದಿನಿಂದ ಮಕ್ಕಳ ಶಾಲೆಗಳಲ್ಲಿಯೂ ವ್ಯಾಪಾರದ ತರಬೇತಿಗಳಲ್ಲಿಯೂ ಆ ಸಂಖ್ಯೆ ಮಂತ್ರದಂತೆ ಕೇಳಿಬರುತ್ತಿದೆ. ಅದೇ ಕೈಸರ್‌ಕೆಲ್ಲರಿನಲ್ಲಿ ಸರದಿಯಂತೆ ಅಷ್ಟೇ ಗಂಟೆ ನುಡಿಸಿದ ರೋರಿ ಸ್ಟಾರ್ಮನ ಮೇಳವನ್ನು ಇಂದು ಬಲ್ಲವರೆಷ್ಟು? ಒಂದೇ ಪೇಟೆಯಲ್ಲಿ ಎದುರುಬದುರಾಗಿ ಒಂದೇ ಹೊತ್ತಿಗೆ ಬಾಗಿಲು ತೆರೆದು ಒಂದೇ ಹೊತ್ತಿಗೆ ಮುಚ್ಚುವ ಎರಡು ಅಂಗಡಿಗಳ ಲೆಕ್ಕ ವರ್ಷಾಂತ್ಯಕ್ಕೆ ಒಂದೇ ಆಗಿರುವುದಿಲ್ಲವೆಂಬುದು ಯಾವ ಗುಮಾಸ್ತನಿಗೂ ಗೊತ್ತು. ಗಂಟೆ ಎಣಿಸುವವರು ಆ ಗಂಟೆಗಳಲ್ಲಿ ಸೇರಿದ್ದ ಗುಳಿಗೆ, ತಣ್ಣೀರು, ನಿದ್ರೆಗೆಟ್ಟ ವೃದ್ಧೆ ಇವನ್ನೂ ಖರ್ಚಿನ ಬದಿಗೆ ಬರೆದುಕೊಳ್ಳಬೇಕು.

ಆ ಕೊನೆಯ ಡಿಸೆಂಬರಿನ ರಾತ್ರಿಗಳಲ್ಲಿ ಸ್ಟಾರ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಇನ್ನೊಂದು ಲಿವರ್‌ಪೂಲ್ ಮೇಳದ ಟೆಡ್ ಟೇಲರ್ ಎಂಬಾತನ ಟೇಪ್ ಯಂತ್ರದಲ್ಲಿ ಬೀಟಲ್ಸರ ಹಾಡುಗಳು ಮುದ್ರಣವಾದವು. ಸುರುಳಿಗಳು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದು, ಮೇಳ ಲೋಕವಿಖ್ಯಾತವಾಗಿ ಒಡೆದುಹೋದ ಮೇಲೆ ಮಾರುಕಟ್ಟೆಗೆ ಬಂದವು. ಮಾರಾಟದ ಪ್ರಯತ್ನದಲ್ಲಿ ದಲಾಲಿ ತಪ್ಪಿದ ಅಲನ್ ವಿಲಿಯಮ್ಸನ ಕೈಯೂ ಇತ್ತು. ಬೀಟಲ್ಸರು ಅಡ್ಡಿಪಡಿಸಿದರೂ 1977ರಲ್ಲಿ ಧ್ವನಿಮುದ್ರಿಕೆ ಹೊರಬಂತು. ಕೊನೆಗೆ 1998ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮುದ್ರಿಸಿಕೊಳ್ಳಲು ಲೆನನ್ ಬಾಯಿಮಾತಿನಲ್ಲಿ ಒಪ್ಪಿದ್ದನೆಂದೂ, ಅದಕ್ಕೆ ಪ್ರತಿಯಾಗಿ ತಾನು ಬಿಯರು ಕೊಡಿಸಿದೆನೆಂದೂ ಟೇಲರ್ ಹೇಳುತ್ತಿದ್ದ. ಲೆನನ್ 1980ರಲ್ಲಿಯೇ ಹತ್ಯೆಯಾಗಿದ್ದನಾದ್ದರಿಂದ ಹೌದು ಅಲ್ಲ ಎನ್ನಲು ಅವನಿರಲಿಲ್ಲ. ಸಾಕ್ಷಿ ನುಡಿಯಲು ಬಂದವನು 55 ವರ್ಷದ ಜಾರ್ಜ್ ಹ್ಯಾರಿಸನ್, ಅದೇ ಬೀದಿಯಿಂದ ಒಮ್ಮೆ ವಯಸ್ಸು ಸಾಲದೆಂದು ಗಡೀಪಾರಾದವನು. ಕುಡಿದವನೊಬ್ಬ ಕುಡಿದ ಕೆಲವರ ಹಾಡನ್ನು ಮುದ್ರಿಸಿಕೊಂಡರೆ ಅದು ವ್ಯವಹಾರದ ಒಪ್ಪಂದವಾಗದೆಂಬುದು ಅವನ ಮಾತಿನ ತಾತ್ಪರ್ಯವಾಗಿತ್ತು. ಬೀಟಲ್ಸರ ಕಡೆಗೆ ಗೆಲುವಾಯಿತು. ಮುದ್ರಿಕೆಯ ಸಂಸ್ಥೆ ಮೂಲ ಸುರುಳಿಗಳನ್ನು ಒಪ್ಪಿಸಿಬಿಡಲು ಸಮ್ಮತಿಸಿತು.